ಮಸುಕಾದದ್ದು ಅಕ್ಷರವೋ, ಕಣ್ಣೋ?

"ಅಕ್ಕಾ, ನನ್ನ ತಲೆಗೆ ಇನ್ನು ಅಕ್ಷರ ಹತ್ತಾಕಿಲ್ಲ. ನಾಳೆಯಿಂದ ನಾನು ಬರಾಕಿಲ್ಲ."

ರಾಮನಗರದ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಹೀಗೆ ಹೇಳಿದರು. ಅವರಿಗೆ ನಲವತ್ತೈದು ವರ್ಷ. ಹಗಲೆಲ್ಲ ರೇಷ್ಮೆ ನೂಲು ಬಿಚ್ಚುವ ಕೆಲಸ. ಸಂಜೆ ಓದು. ಬೋರ್ಡಿನ ಮೇಲೆ ಬರೆದದ್ದನ್ನು ಅವರು ಸರಿಯಾಗಿಯೇ ಓದುತ್ತಿದ್ದರು. ಪುಸ್ತಕ ಕೈಗೆ ಬಂದರೆ ತಡವರಿಸುತ್ತಿದ್ದರು. ಪುಸ್ತಕವನ್ನು ದೂರ ದೂರ ಹಿಡಿಯುತ್ತಿದ್ದರು.

"ಕೆಲಸದಲ್ಲೂ ಹಿಂಗೇ ಆಗೈತೆ. ಬಿಸಿನೀರಲ್ಲಿ ಗೂಡಿನ ಎಳೆ ತುದಿ ಕಾಣಾಕಿಲ್ಲ. ಎಳೆ ತಪ್ಪಿದರೆ ಬೈಸ್ಕೊಬೇಕು" ಅಂದರು.

ನಾವು ಯೋಚನೆ ಮಾಡಿದೆವು. ಬೋರ್ಡು ಓದುವವರಿಗೆ ಪುಸ್ತಕ ಯಾಕೆ ಓದಲು ಆಗದು? ತಪ್ಪು ತಲೆಯದಲ್ಲ. ತೊಂದರೆ ಇರುವುದು ಕಣ್ಣಿನಲ್ಲಿ. ಹಾಗಾದರೆ ಕಣ್ಣು ಹೇಗೆ ಕೆಲಸ ಮಾಡುತ್ತದೆ? ತಿಳಿಯೋಣ ಬನ್ನಿ.

ಕಣ್ಣು ಹೇಗೆ ನೋಡುತ್ತದೆ?

ಕತ್ತಲಲ್ಲಿ ನಮಗೆ ಏನೂ ಕಾಣುವುದಿಲ್ಲ. ನೋಡಲು ಬೆಳಕು ಬೇಕು. ಬೆಳಕು ಒಂದು ವಸ್ತುವಿನ ಮೇಲೆ ಬೀಳುತ್ತದೆ. ಅಲ್ಲಿಂದ ಹೊರಳಿ ನಮ್ಮ ಕಣ್ಣಿಗೆ ಬರುತ್ತದೆ.

ಕಪ್ಪು ಗುಡ್ಡೆಯ ನಡುವೆ ಒಂದು ಸಣ್ಣ ಕಿಂಡಿ ಇದೆ. ಅದೇ ಕಣ್ಣಿನ ಪಾಪೆ. ಬೆಳಕು ಹೆಚ್ಚಿದ್ದರೆ ಪಾಪೆ ಕಿರಿದಾಗುತ್ತದೆ. ಕಡಿಮೆ ಇದ್ದರೆ ಅಗಲವಾಗುತ್ತದೆ. ಇದನ್ನು ನೀವೇ ನೋಡಬಹುದು. ಪಕ್ಕದವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರಲಿ. ಆಮೇಲೆ ಕಿಟಕಿಯ ಕಡೆಗೆ ಮುಖ ಮಾಡಿ ಕಣ್ಣು ಬಿಡಲಿ. ಪಾಪೆ ಸಣ್ಣಗಾಗುವುದು ಕಾಣುತ್ತದೆ.

ಪಾಪೆಯ ಹಿಂದೆ ಗಾಜಿನಂತೆ ತಿಳಿಯಾದ ಮಸೂರ ಇದೆ. ಅದು ಬೆಳಕನ್ನು ಕೂಡಿಸಿ ಹಿಂದಿನ ಪರದೆಯ ಮೇಲೆ ಬೀಳಿಸುತ್ತದೆ. ಪರದೆಯ ಮೇಲೆ ಚಿತ್ರ ಮೂಡುತ್ತದೆ. ಆದರೆ ಅದು ತಲೆಕೆಳಗಾದ ಚಿತ್ರ! ಅಲ್ಲಿಂದ ನರದ ಮೂಲಕ ಸುದ್ದಿ ಮಿದುಳಿಗೆ ಹೋಗುತ್ತದೆ. ಮಿದುಳು ಅದನ್ನು ಸರಿಯಾಗಿ ತಿಳಿದುಕೊಳ್ಳುತ್ತದೆ.

ನಂಬಿಕೆ ಬರಲಿಲ್ಲವೇ? ಓದಲು ಹಾಕುವ ಕನ್ನಡಕ ತನ್ನಿ. ಹಗಲಿನಲ್ಲಿ ಒಂದೇ ಕಿಟಕಿ ತೆರೆದಿಡಿ. ಎದುರಿನ ಗೋಡೆಯ ಹತ್ತಿರ ಕನ್ನಡಕ ಹಿಡಿಯಿರಿ. ಮೆಲ್ಲಗೆ ಒಂದು ಮೊಳ, ಎರಡು ಮೊಳ ಹಿಂದಕ್ಕೆ ತನ್ನಿ. ಗೋಡೆಯ ಮೇಲೆ ಪುಟ್ಟ ಕಿಟಕಿ ತಲೆಕೆಳಗಾಗಿ ಕಾಣುತ್ತದೆ. (ಸೂರ್ಯನ ಕಡೆ ಮಾತ್ರ ಕನ್ನಡಕ ಹಿಡಿದು ನೋಡಬೇಡಿ.)

ನಲವತ್ತಕ್ಕೆ ಚಾಳೀಸು

ಹತ್ತಿರದ್ದನ್ನು ನೋಡುವಾಗ ಕಣ್ಣಿನ ಮಸೂರ ಉಬ್ಬಬೇಕು. ಚಿಕ್ಕ ವಯಸ್ಸಿನಲ್ಲಿ ಅದು ಮೆತ್ತಗಿರುತ್ತದೆ. ಸುಲಭವಾಗಿ ಉಬ್ಬುತ್ತದೆ. ನಲವತ್ತು ದಾಟಿದ ಮೇಲೆ ಬಿರುಸಾಗುತ್ತದೆ. ಹತ್ತಿರದ ಅಕ್ಷರ, ಸೂಜಿಯ ಕಣ್ಣು, ಅಕ್ಕಿಯ ಕಲ್ಲು, ರೇಷ್ಮೆಯ ಎಳೆ ಎಲ್ಲವೂ ಮಸುಕು. ದೂರದ್ದು ಮೊದಲಿನಂತೆಯೇ ಕಾಣಬಹುದು. ಇದನ್ನೇ ಚಾಳೀಸು ಅನ್ನುತ್ತೇವೆ.

ಇದು ರೋಗವಲ್ಲ. ತಲೆಗೂದಲು ನರೆಯುವ ಹಾಗೆ ಎಲ್ಲರಿಗೂ ಬರುತ್ತದೆ. ಕನ್ನಡಕ ಹಾಕಿದರೆ ಸರಿ ಕಾಣುತ್ತದೆ. ಗಂಡಸರು ಕನ್ನಡಕ ಹಾಕಿದರೆ ಮರ್ಯಾದೆ, ನಾವು ಹಾಕಿದರೆ ನಗೆಪಾಟಲು ಅಂತ ಏನಿಲ್ಲ. ಗೂಡಿನ ಎಳೆ ಕೂದಲಿಗಿಂತ ಎಷ್ಟೋ ಸಣ್ಣದು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಾಕುವುದೂ ಸೂಕ್ಷ್ಮ ಕೆಲಸ. ಇಂಥ ಕೆಲಸ ಮಾಡುವವರಿಗೆ ಕನ್ನಡಕವೂ ಒಂದು ಸಲಕರಣೆ.

ಮನೆಯಲ್ಲೇ ಪರೀಕ್ಷೆ

ಕಣ್ಣಾಸ್ಪತ್ರೆಯಲ್ಲಿ ಅಕ್ಷರಗಳ ಪಟ್ಟಿ ನೋಡಿದ್ದೀರಾ? ಮೇಲೆ ದೊಡ್ಡ ಅಕ್ಷರ, ಕೆಳಗೆ ಸಣ್ಣ ಅಕ್ಷರ. ಹಾಲೆಂಡ್ ದೇಶದ ಸ್ನೆಲೆನ್ ಎಂಬ ವೈದ್ಯರು 1862ರಲ್ಲಿ ಇಂಥ ಪಟ್ಟಿ ಮಾಡಿದರು. ಚೀಟಿಯಲ್ಲಿ 6/18 ಎಂದು ಬರೆದಿದ್ದರೆ ಅರ್ಥ ಇದು: ಒಳ್ಳೆಯ ಕಣ್ಣಿಗೆ 18 ಮೀಟರ್ ದೂರದಿಂದ ಕಾಣುವುದನ್ನು ನೋಡಲು ಈ ಕಣ್ಣು 6 ಮೀಟರ್ ಹತ್ತಿರಕ್ಕೆ ಬರಬೇಕು. 6/6 ಇದ್ದರೆ ದೂರದ ನೋಟ ಚೆನ್ನಾಗಿದೆ.

ಅಕ್ಷರ ಬಾರದವರಿಗೂ, ಮಕ್ಕಳಿಗೂ ಈ ಪರೀಕ್ಷೆ ಮಾಡಬಹುದು. ಹೀಗೆ ಮಾಡಿ:

1. ಬಿಳಿ ರಟ್ಟಿನ ಮೇಲೆ ಕಪ್ಪು ಶಾಯಿಯಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತು ಬರೆಯಿರಿ. ಉದ್ದ, ಅಗಲ ಎರಡೂ ಒಂದು ಮುಕ್ಕಾಲು ಸೆಂಟಿಮೀಟರ್ ಇರಲಿ. ಗೆರೆ ಎಷ್ಟು ದಪ್ಪವೋ ಸಂದೂ ಅಷ್ಟೇ ಇರಲಿ.
2. ಒಳ್ಳೆಯ ಬೆಳಕಿನಲ್ಲಿ 20 ಅಡಿ ದೂರ ನಿಲ್ಲಿಸಿ.
3. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ. ಒತ್ತಬಾರದು.
4. ರಟ್ಟನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿಸಿ ಐದು ಸಲ ತೋರಿಸಿ. ಹಲ್ಲು ಯಾವ ಕಡೆ ಇದೆ ಎಂದು ಅವರು ಕೈಯಲ್ಲಿ ತೋರಿಸಲಿ.
5. ಇನ್ನೊಂದು ಕಣ್ಣಿಗೂ ಹೀಗೇ ಮಾಡಿ.

ಐದರಲ್ಲಿ ನಾಲ್ಕು ಸರಿಯಾಗದಿದ್ದರೆ ಕಣ್ಣು ತೋರಿಸಬೇಕು. ಕಣ್ಣುಗಳನ್ನು ಬೇರೆ ಬೇರೆ ನೋಡುವುದು ಮುಖ್ಯ. ಒಂದು ಕಣ್ಣು ಮಸುಕಾದರೆ ಇನ್ನೊಂದು ಅದನ್ನು ಮರೆಸಿಬಿಡುತ್ತದೆ. ಎಷ್ಟೋ ಮಕ್ಕಳು ಬೋರ್ಡು ಕಾಣದೆ "ದಡ್ಡ" ಅನ್ನಿಸಿಕೊಳ್ಳುತ್ತಾರೆ.

ಹತ್ತಿರದ ನೋಟಕ್ಕೆ ಈ ಪುಸ್ತಕವೇ ಸಾಕು. ಮುಖದಿಂದ ಒಂದು ಮೊಳ ದೂರ ಹಿಡಿಯಿರಿ. ಅಕ್ಷರ ಮಸುಕಾಗಿದೆಯೇ? ಹಾಗಿದ್ದರೆ ಕಣ್ಣು ತೋರಿಸಿ.

ಈ ಪರೀಕ್ಷೆ ಎಚ್ಚರಿಕೆ ಕೊಡುತ್ತದೆ, ಅಷ್ಟೆ. ಕಾಯಿಲೆ ಯಾವುದು, ಕನ್ನಡಕದ ನಂಬರು ಎಷ್ಟು ಎಂಬುದನ್ನು ಆಸ್ಪತ್ರೆಯವರೇ ಹೇಳಬೇಕು.

ಇವನ್ನು ಮರೆಯಬೇಡಿ

ವಯಸ್ಸಾದವರಿಗೆ ಪೊರೆ ಬರುತ್ತದೆ. ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಚರ್ಮವಲ್ಲ. ಒಳಗಿನ ಮಸೂರವೇ ಮಬ್ಬಾಗುವುದು. ಔಷಧಿಯ ಹನಿ ಹಾಕಿದರೆ ಕರಗದು. ಆಪರೇಷನ್ ಮಾಡಿ ಹೊಸ ಮಸೂರ ಇಡುತ್ತಾರೆ. ಡಾಕ್ಟರ್ ಎಂ.ಸಿ. ಮೋದಿ ಅವರು ಊರೂರಿಗೆ ಹೋಗಿ, ಶಿಬಿರ ಮಾಡಿ, ಬಡವರ ಪೊರೆ ತೆಗೆದರು. ಅವರಿಗೆ 1968ರಲ್ಲಿ ಪದ್ಮಭೂಷಣ ಬಂತು.

ಮಗುವಿಗೆ ಸಂಜೆಗತ್ತಲಲ್ಲಿ ಕಾಣದೆ ಹೋದರೆ ಅದು ಇರುಳುಗುರುಡು ಇರಬಹುದು. 'ಎ' ಜೀವಸತ್ವ ಕಡಿಮೆಯಾದರೆ ಹೀಗಾಗುತ್ತದೆ. ನುಗ್ಗೆ ಸೊಪ್ಪು, ಪರಂಗಿ ಹಣ್ಣು, ಮಾವಿನ ಹಣ್ಣು, ಮೊಟ್ಟೆ ಕೊಡಿ. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ 'ಎ' ಜೀವಸತ್ವದ ದ್ರಾವಣ ಹಾಕಿಸಿ.

ಹುಳುಮನೆಯ ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಕೂಡಲೇ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆಯಿರಿ. ಆಮೇಲೆ ಆಸ್ಪತ್ರೆಗೆ ಓಡಿ. ಕಣ್ಣಿಗೆ ಎಲೆ ರಸ, ಎಣ್ಣೆ, ಎದೆಹಾಲು ಹಾಕಬೇಡಿ.

ಇದ್ದಕ್ಕಿದ್ದಂತೆ ನೋಟ ಹೋದರೆ, ಕಣ್ಣು ಕೆಂಪಾಗಿ ಬಹಳ ನೋವಾದರೆ, ಮಗುವಿನ ಪಾಪೆ ಬೆಳ್ಳಗೆ ಕಂಡರೆ ತಡ ಮಾಡಬೇಡಿ. ಮೆಳ್ಳೆಗಣ್ಣು ಅದೃಷ್ಟ ಅಂತ ಸುಮ್ಮನಿರಬೇಡಿ. ಚಿಕ್ಕಂದಿನಲ್ಲೇ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕು. ಎಲ್ಲಿಗೆ ಹೋಗಬೇಕೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ದೊಡ್ಡ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆ ಇದೆ.

ನಮ್ಮ ಅಕ್ಕ ಏನಾದರು?

ನಾವು ಇಬ್ಬರು ಅವರ ಜೊತೆ ಆಸ್ಪತ್ರೆಗೆ ಹೋದೆವು. ಅವರಿಗೆ ಇದ್ದದ್ದು ಬರೀ ಚಾಳೀಸು. ಕನ್ನಡಕ ಬಂತು. ಮರುದಿನ ಪುಸ್ತಕ ತೆರೆದು ಒಂದು ಪುಟ ಪೂರ್ತಿ ಓದಿದರು. ಆಮೇಲೆ ಸುಮ್ಮನೆ ಕೂತರು.

"ಇಷ್ಟು ದಿನ ನಾನೇ ದಡ್ಡಿ ಅಂದ್ಕೊಂಡಿದ್ದೆ ಕಣಕ್ಕ" ಅಂದರು.

ನಿಮ್ಮ ಕೇಂದ್ರದಲ್ಲೂ ಯಾರಾದರೂ ಓದು ಬಿಟ್ಟಿದ್ದಾರೆಯೇ? ಮೊದಲು ಅವರ ಕಣ್ಣು ನೋಡಿ.

ಹೇಳಿ ನೋಡೋಣ

1. ಚಾಳೀಸು ಬಂದವರಿಗೆ ಯಾವುದು ಮಸುಕು, ಹತ್ತಿರದ್ದೋ ದೂರದ್ದೋ?
2. ಪೊರೆ ಎಂದರೇನು?
3. ಕಣ್ಣುಗಳನ್ನು ಒಂದೊಂದಾಗಿ ಯಾಕೆ ಪರೀಕ್ಷಿಸಬೇಕು?

ಮಾಡಿ ನೋಡೋಣ

ಗುರುತಿನ ರಟ್ಟು ಮಾಡಿ. ಮನೆಯವರೆಲ್ಲರ ಕಣ್ಣು ಪರೀಕ್ಷಿಸಿ. ಹೆಸರು ಮತ್ತು ಫಲ ನಿಮ್ಮ ಕೈಯಿಂದಲೇ ಬರೆದಿಡಿ.