ಮನೆಗೆ ಅಂಕ ಹಾಕುವ ಮೊದಲು

ಮಕ್ಕಳೇ, ಹಾಸ್ಟೆಲ್ ಸೇರಿದ ಮೇಲೆ ಸ್ವಂತ ಮನೆಯನ್ನು ದೂರದಿಂದ ನೋಡುವುದು ಶುರುವಾಗುತ್ತದೆ. ರೂಮ್‌ಮೇಟ್‌ನ ಅಪ್ಪ ಮಗನ ಜೊತೆ ಗೆಳೆಯನಂತೆ ಹರಟುವುದು ಕಿವಿಗೆ ಬೀಳುತ್ತದೆ. ನಮ್ಮ ಮನೆ ಯಾಕೆ ಹೀಗಿಲ್ಲ ಅನ್ನಿಸುತ್ತದೆ. ಅನ್ನಿಸಲಿ, ತಪ್ಪಿಲ್ಲ.

ಮನೆ ಹೇಗೆ ನಡೆಯುತ್ತಿದೆ ಎಂಬುದನ್ನು ಅಳೆಯಲು ಅಮೆರಿಕದ ವೈದ್ಯ ಗೇಬ್ರಿಯಲ್ ಸ್ಮಿಲ್ಕ್‌ಸ್ಟೈನ್ 1978ರಲ್ಲಿ ‘ಫ್ಯಾಮಿಲಿ ಆಪ್ಗಾರ್’ ಎಂಬ ಐದು ಪ್ರಶ್ನೆಗಳ ಪಟ್ಟಿ ಮಾಡಿದರು. ಕಷ್ಟ ಬಂದರೆ ಮನೆಯವರ ಹತ್ತಿರ ಹೋಗಬಲ್ಲೆನೇ? ಸಮಸ್ಯೆಗಳನ್ನು ನನ್ನೊಂದಿಗೆ ಹಂಚಿಕೊಳ್ಳುತ್ತಾರೆಯೇ? ಹೊಸ ದಾರಿ ಹಿಡಿದರೆ ಬೆನ್ನಿಗೆ ನಿಲ್ಲುತ್ತಾರೆಯೇ? ನನ್ನ ಸಿಟ್ಟು, ದುಃಖಕ್ಕೆ ಮಿಡಿಯುತ್ತಾರೆಯೇ? ಜೊತೆಯಾಗಿ ಕಳೆಯುವ ಹೊತ್ತು ತೃಪ್ತಿ ಕೊಡುತ್ತದೆಯೇ? ಒಂದೊಂದಕ್ಕೂ ಹೆಚ್ಚೆಂದರೆ 2 ಅಂಕ. ಒಟ್ಟು 7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮನೆ ಚೆನ್ನಾಗಿ ನಡೆಯುತ್ತಿದೆ ಎಂದು ಲೆಕ್ಕ. ಮನೆಯಲ್ಲಿ ಜಗಳ ಉಂಟೇ ಎಂಬ ಪ್ರಶ್ನೆ ಇದರಲ್ಲಿಲ್ಲ, ಗಮನಿಸಿ. ಕೇಳುವುದೆಲ್ಲ ಉತ್ತರಿಸುವವರ ತೃಪ್ತಿಯನ್ನು. ಅದೇ ಮನೆಯ ಅಮ್ಮ, ಅಣ್ಣ ಉತ್ತರಿಸಿದರೆ ಮೊತ್ತ ಬೇರೆಯೇ ಬಂದೀತು.

ಎರಡನೆಯ ಪ್ರಶ್ನೆಗೆ ನೀವು ಅಂಕ ಕಡಿಮೆ ಹಾಕುತ್ತೀರಿ ಅಂತ ನನ್ನ ಅಂದಾಜು. ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ‘ಅವನಿಗೆ ಹೇಳಬೇಡಿ, ಓದು ಕೆಡುತ್ತೆ’ ಎಂಬ ತೀರ್ಮಾನ ಆಗಿಬಿಡುತ್ತದೆ. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದು, ಬೋರ್‌ವೆಲ್ ಬತ್ತಿದ್ದು, ನಿಮ್ಮ ಫೀಸಿಗಾಗಿ ಅಮ್ಮನ ಸರ ಸೊಸೈಟಿಯಲ್ಲಿ ಅಡವಿಟ್ಟದ್ದು, ಎಲ್ಲ ರಜೆಗೆ ಹೋದಾಗ ಪಕ್ಕದ ಮನೆಯವರ ಬಾಯಿಂದ ತಿಳಿಯುತ್ತದೆ. ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಚ್ಚಿಟ್ಟದ್ದು ಸರಿ ಅಂತ ನಾನೂ ಹೇಳಲಾರೆ; ಇಪ್ಪತ್ತು ದಾಟಿದ ಮಕ್ಕಳಿಗೆ ಮನೆಯ ಕಷ್ಟ ಗೊತ್ತಿರಬೇಕು. ಆದರೆ ಬಾಕಿ ಉಳಿದ ಪೇಪರ್, ವಾರ ಕಾಡಿದ ಜ್ವರ, ಮುರಿದ ಸ್ನೇಹ, ಇವುಗಳಲ್ಲಿ ನೀವು ಯಾವುದನ್ನು ಮನೆಗೆ ಹೇಳಿದ್ದೀರಿ? ‘ಚೆನ್ನಾಗಿದ್ದೀನಿ’ ಅಂದು ಫೋನ್ ಇಡುತ್ತೀರಿ. ಸಮಸ್ಯೆ ಹಂಚಿಕೊಳ್ಳುವ ಆ ಎರಡನೆಯ ಪ್ರಶ್ನೆಗೆ ಅಮ್ಮ ಎಷ್ಟು ಅಂಕ ಹಾಕಿಯಾರು?

ಈ ಸಲ ಊರಿಗೆ ಹೋದಾಗ ಮನೆಯವರಿಗೂ ಈ ಪ್ರಶ್ನೆಗಳನ್ನು ಕೇಳಿ. ಮೊದಲು ಮುಚ್ಚಿಟ್ಟದ್ದೊಂದನ್ನು ನೀವೇ ಹೇಳಿ, ಆಮೇಲೆ ಕೇಳಿ. ಎದುರು ಕೂತು ಮಾತಾಡಲು ಅಪ್ಪನಿಗೆ ಸಂಕೋಚವಾದರೆ ತೋಟಕ್ಕೋ ಅಂಗಡಿಗೋ ಜೊತೆಗೆ ನಡೆಯಿರಿ. ದಾರಿಯಲ್ಲಿ ಮಾತು ಬರುತ್ತದೆ.

ಹೊಡೆತ, ಕುಡಿತ, ಬೆದರಿಕೆಯ ಮನೆಯಿಂದ ಬಂದವರಿಗೆ ನನ್ನ ಮಾತು ಬೇರೆ. ನೀವು ಹಾಕಿದ ಸೊನ್ನೆಯನ್ನು ಯಾರಿಗೂ ಸಮರ್ಥಿಸಬೇಕಿಲ್ಲ. ಮನೆಯ ಮಾನ ಹೋಗುತ್ತದೆಂದು ಬಾಯಿ ಕಟ್ಟಿಕೊಳ್ಳಬೇಡಿ. ನಂಬುವ ಮೇಷ್ಟ್ರಿಗೆ, ಮೇಡಂಗೆ ಹೇಳಿ. ಅದೂ ಆಗದಿದ್ದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಸರ್ಕಾರ ಶುರುಮಾಡಿದ ಟೆಲಿ ಮಾನಸ್ ಅದು; ಹಗಲೂ ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.