ಬೀಗ ಯಾವುದು, ಬೀಗದ ಕೈ ಯಾರ ಹತ್ತಿರ?

ಡೆಂಕಣಿಕೋಟೆ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಮೊಬೈಲ್ ರಿಪೇರಿಗೆ ಕೂತದ್ದು 2007ರಲ್ಲಿ. ನನ್ನ ಮೇಜಿನ ಮುಂದೆ ಕನ್ನಡ, ತಮಿಳು, ತೆಲುಗು ಮೂರೂ ನಡೆಯುತ್ತವೆ. ಯಾವ ಭಾಷೆಯವರು ಬಂದರೂ ಕೇಳುವುದು ಒಂದೇ: "ಅಣ್ಣಾ, ಫೋನು ಲಾಕ್ ಆಗಿದೆ, ತೆಗೆದುಕೊಡಿ." ನಮ್ಮ ದೇಶದ ಅಂಗಡಿಗಳಲ್ಲಿ ಕೊಂಡ ಫೋನುಗಳಲ್ಲಿ ಹೆಚ್ಚಿನವು ಯಾವ ಸಿಮ್ ಹಾಕಿದರೂ ನಡೆಯುತ್ತವೆ. ಒಂದೇ ಕಂಪನಿಗೆ ಕಟ್ಟುಬಿದ್ದ ಫೋನು ನನ್ನ ಕೈಗೆ ಬರುವುದು ಬಹುಪಾಲು ಹೊರದೇಶದಿಂದ. ಮಗ ಅಪ್ಪನಿಗೆ ಕಳಿಸಿದ್ದು, ಭಾವ ತಾನು ಹೊಸದು ಕೊಂಡು ಹಳೆಯದನ್ನು ಕೊಟ್ಟುಹೋದದ್ದು. ಅವುಗಳಿಂದ ಕಲಿತ ಪಾಠಗಳು ಇವು.

1. ಮೊದಲು ಯಾವ ಬೀಗ ಎಂದು ತಿಳಿಯಿರಿ

'ಲಾಕ್' ಎಂಬ ಒಂದು ಮಾತಿನಲ್ಲಿ ನಾಲ್ಕೈದು ಬೀಗಗಳಿವೆ. ಪ್ಯಾಟರ್ನ್ ಮರೆತದ್ದು ಒಂದು. ರೀಸೆಟ್ ಮಾಡಿದ ಮೇಲೆ ಹಳೆಯ ಗೂಗಲ್ ಅಥವಾ ಆ್ಯಪಲ್ ಖಾತೆ ಕೇಳುವುದು ಇನ್ನೊಂದು. ಕಂತು ಕಟ್ಟದಿದ್ದಾಗ ಫೈನಾನ್ಸ್‌ನವರು ನಿಲ್ಲಿಸುವುದು ಮತ್ತೊಂದು. ಕಳವಾದ ಫೋನೆಂದು ದೂರು ಹೋಗಿ ಸರ್ಕಾರವೇ ತಡೆದಿರುವುದು ಮಗದೊಂದು. ನೆಟ್‌ವರ್ಕ್ ಬೀಗ ಇವೆಲ್ಲಕ್ಕಿಂತ ಬೇರೆ. ಅದಿದ್ದರೂ ಫೋನು ತೆರೆಯುತ್ತದೆ, ಫೋಟೋ ಕಾಣುತ್ತದೆ, ವೈಫೈ ನಡೆಯುತ್ತದೆ. ಬೇರೆ ಕಂಪನಿಯ ಸಿಮ್ ಹಾಕಿದಾಗ ಮಾತ್ರ 'ಸಿಮ್ ನೆಟ್‌ವರ್ಕ್ ಅನ್‌ಲಾಕ್ ಪಿನ್' ಕೇಳುತ್ತದೆ, ಇಲ್ಲವೇ ಈ ಸಿಮ್ ನಡೆಯುವುದಿಲ್ಲ ಎನ್ನುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ 'ಕ್ಯಾರಿಯರ್ ಲಾಕ್' ಎಂಬ ಸಾಲು ನೋಡಿ. 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಎಂದಿದ್ದರೆ ಬೀಗವಿಲ್ಲ. ಕೊಳ್ಳುವ ಮುಂಚೆಯೇ ಇದನ್ನು ನೋಡಿಕೊಳ್ಳಿ.

2. ಹಾಕಿದವರೇ ತೆಗೆಯಬೇಕು

ಕಂಪನಿ ಬೀಗ ಹಾಕುವುದಕ್ಕೆ ಕಾರಣವಿದೆ. ಫೋನನ್ನು ಕಂತಿನ ಮೇಲೋ ರಿಯಾಯಿತಿಗೋ ಕೊಟ್ಟಿರುತ್ತದೆ, ಆ ದುಡ್ಡು ಬರುವ ತನಕ ಗಿರಾಕಿಯನ್ನು ಬಿಡುವುದಿಲ್ಲ. ಐಫೋನಿನ ಬೀಗವಂತೂ ಆ್ಯಪಲ್ಲಿನ ದಾಖಲೆಯಲ್ಲಿರುತ್ತದೆ. ಫೋನು ಮಾರಿದ ಕಂಪನಿ ಹೇಳಿದ ಮೇಲೆಯೇ ಅದು ಬದಲಾಗುತ್ತದೆ. ನನ್ನ ಸ್ಕ್ರೂಡ್ರೈವರ್ ಅಲ್ಲಿಗೆ ಮುಟ್ಟುವುದಿಲ್ಲ.

ಕೆಲಮಂಗಲದ ರೈತರೊಬ್ಬರು ಮಗ ಕಳಿಸಿದ ಹೊಸ ಫೋನು ತಂದಿದ್ದರು. ಕಂತು ಇನ್ನೂ ಮುಗಿದಿರಲಿಲ್ಲ. "ನಿಮ್ಮ ಮಗನಿಗೇ ಫೋನ್ ಮಾಡಿ ಯಜಮಾನರೇ, ಬೀಗದ ಕೈ ಅಲ್ಲೇ ಇದೆ" ಎಂದೆ. ಮಗ ಬಾಕಿ ಕಟ್ಟಿ ಕಂಪನಿಗೆ ಅರ್ಜಿ ಹಾಕಿದ ಕೆಲವೇ ದಿನಕ್ಕೆ ಬೀಗ ಬಿಟ್ಟಿತು, ನನಗೆ ಒಂದು ರೂಪಾಯಿಯ ಕೆಲಸವೂ ಇರಲಿಲ್ಲ. ಹೊರದೇಶದಲ್ಲಿ ಮಕ್ಕಳಿರುವವರಿಗೆಲ್ಲ ನಾನು ಹೇಳುವುದು ಇದನ್ನೇ: ವಿಮಾನ ಹತ್ತುವ ಮುಂಚೆ ಬಾಕಿ ತೀರಿಸಿ, ಅಲ್ಲೇ ಬೀಗ ತೆಗೆಸಿ ತರಲು ಅವರಿಗೆ ಹೇಳಿ.

ಕೊಂಡ ದೇಶ ಮತ್ತು ವರ್ಷವನ್ನೂ ಕೇಳಿಕೊಳ್ಳಿ. ಕೆನಡಾದಲ್ಲಿ 2017ರ ಡಿಸೆಂಬರಿನಿಂದ, ಜಪಾನಿನಲ್ಲಿ 2021ರ ಅಕ್ಟೋಬರಿನಿಂದ, ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಕಂಪನಿಗಳು ಬೀಗ ಹಾಕಿದ ಫೋನು ಮಾರುವಂತಿಲ್ಲ. ಅಮೆರಿಕದಲ್ಲಿ ಬೀಗ ಹಾಕಿ ಮಾರುವ ಪದ್ಧತಿ ಇನ್ನೂ ಉಳಿದಿದೆ.

3. ಕೋಡನ್ನು ಊಹಿಸಿ ಒತ್ತಬೇಡಿ

ಆಂಡ್ರಾಯ್ಡ್ ಫೋನುಗಳಲ್ಲಿ ಅನೇಕಕ್ಕೆ ಕಂಪನಿ ಕೊಡುವ ಕೋಡಿನಿಂದಲೇ ಬೀಗ ತೆರೆಯುತ್ತದೆ. ಒಂದೊಂದು ಫೋನಿಗೂ ಅದರ ಗುರುತಿನ ನಂಬರಾದ ಐಎಂಇಐಗೆ ತಕ್ಕ ಕೋಡು ಬೇರೆ. ತಪ್ಪು ಕೋಡು ಇಷ್ಟೇ ಸಲ ಎಂಬ ಲೆಕ್ಕ ಫೋನಿನೊಳಗಿದೆ. ಅದು ಮುಗಿದರೆ ಸರಿಯಾದ ಕೋಡು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಕೆಲಸ ಕಲಿಯುವ ದಿನಗಳಲ್ಲಿ ಯಾರೋ ಬರೆದುಕೊಟ್ಟ ಚೀಟಿ ನೋಡಿ ಒಂದು ಫೋನಿಗೆ ಕೋಡು ಒತ್ತುತ್ತಾ ಹೋದೆ, ಅದು ಪೂರ್ತಿ ಮುಚ್ಚಿಕೊಂಡಿತು. ಆ ಅಕ್ಕನಿಗೆ ಫೋನಿನ ಬೆಲೆ ಕಟ್ಟಿಕೊಟ್ಟೆ. ಅಂದಿನಿಂದ ಕಂಪನಿಯಿಂದ ಬಂದ ಕೋಡನ್ನು ಮಾತ್ರ, ಅದೂ ಎರಡು ಸಲ ಓದಿ ಒತ್ತುತ್ತೇನೆ.

4. ಸಿಮ್ಮಿನಡಿಯ ತೆಳು ಚಿಪ್ಪನ್ನು ನಂಬಬೇಡಿ

ಸಿಮ್ಮಿಗೆ ಅಂಟಿಸಿ ಹಾಕುವ ಕಾಗದದಷ್ಟು ತೆಳ್ಳನೆಯ ಚಿಪ್ ಬರುತ್ತದೆ. ಒಳಗಿರುವುದು ತನ್ನ ಕಂಪನಿಯ ಸಿಮ್ಮೇ ಎಂದು ಅದು ಫೋನನ್ನು ನಂಬಿಸುತ್ತದೆ. ಬೀಗ ಮಾತ್ರ ಹಾಗೆಯೇ ಇರುತ್ತದೆ. ಸಾಫ್ಟ್‌ವೇರ್ ಅಪ್‌ಡೇಟ್ ಆದ ದಿನ ಸಿಗ್ನಲ್ ಹೋಗಬಹುದು. ರಾತ್ರಿ ಆಸ್ಪತ್ರೆಗೆ ಫೋನ್ ಮಾಡಬೇಕಾದವರ ಕೈಗೆ ಅಂಥದ್ದನ್ನು ಕೊಡಲು ನನಗೆ ಮನಸ್ಸು ಬರುವುದಿಲ್ಲ.

5. ಐಎಂಇಐ ಮುಟ್ಟಬೇಡಿ, ಮುಟ್ಟುವವರ ಹತ್ತಿರ ಹೋಗಬೇಡಿ

*#06# ಒತ್ತಿದರೆ ಕಾಣುವ 15 ಅಂಕಿಯ ನಂಬರೇ ಐಎಂಇಐ. ಅದರ ಬೆಲೆ ನನಗೆ ತಿಳಿದದ್ದು 2009ರ ಡಿಸೆಂಬರಿನಲ್ಲಿ. ಸರಿಯಾದ ಐಎಂಇಐ ಇಲ್ಲದ ಹ್ಯಾಂಡ್‌ಸೆಟ್ಟುಗಳ ಕರೆ ನಿಲ್ಲಿಸಬೇಕೆಂಬ ಸರ್ಕಾರದ ಆದೇಶ ಆಗ ಜಾರಿಗೆ ಬಂತು. ಅಗ್ಗಕ್ಕೆ ಕೊಂಡವರು ಸತ್ತ ಫೋನು ಹಿಡಿದು ಅಂಗಡಿ ಮುಂದೆ ನಿಂತರು. ಇವತ್ತು 'ಅನ್‌ಲಾಕ್' ಹೆಸರಿನಲ್ಲಿ ಈ ನಂಬರನ್ನೇ ಬದಲಿಸಿಕೊಡುವವರಿದ್ದಾರೆ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದ ತನಕ ಜೈಲು, 50 ಲಕ್ಷ ರೂಪಾಯಿಯ ತನಕ ದಂಡವಿದೆ. ಹಳೆಯ ಫೋನು ಕೊಳ್ಳುವಾಗ ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಬ್ಲಾಕ್ ಆದ ಫೋನಾದರೆ ಉತ್ತರದಲ್ಲಿ ತಿಳಿಯುತ್ತದೆ. ಬಿಲ್ಲು ತೋರಿಸದ ಫೋನಿಗೆ ನಾನು ಕೈ ಹಾಕುವುದಿಲ್ಲ.

6. ಬೀಗ ಬಿಟ್ಟ ಮಾತ್ರಕ್ಕೆ ಸಿಗ್ನಲ್ ಬರುವುದಿಲ್ಲ

ಫೋನು ನಮ್ಮ ಟವರುಗಳ ತರಂಗಕ್ಕೂ ಹೊಂದಬೇಕು. ಜಿಯೋದಲ್ಲಿ 2ಜಿ, 3ಜಿ ಇಲ್ಲ. ಅಲ್ಲಿ ವೋಲ್ಟಿ (4ಜಿ ಮೇಲೆಯೇ ಕರೆ ಒಯ್ಯುವ ವ್ಯವಸ್ಥೆ) ನಡೆಯದ ಫೋನಿನಲ್ಲಿ ಇಂಟರ್‌ನೆಟ್ ಬಂದರೂ ಮಾಮೂಲಿ ಕರೆ ಹೋಗುವುದಿಲ್ಲ. ಬಿಎಸ್ಸೆನ್ನೆಲ್ 4ಜಿ ಬಳಸುವ 700 ಮೆಗಾಹರ್ಟ್ಸ್ ತರಂಗ ಎಲ್ಲ ಹಳೆಯ ಫೋನುಗಳಿಗೂ ಸಿಗುವುದಿಲ್ಲ. ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ 2022ರ ಐಫೋನ್ 14ರಿಂದ ಸಿಮ್ ಟ್ರೇಯೇ ಇಲ್ಲ, ಇ-ಸಿಮ್ ಮಾಡಿಸಿಕೊಳ್ಳಬೇಕು. ಟ್ರೇ ಎಲ್ಲಿ ಎಂದು ಪಿನ್ನಿನಿಂದ ಮೈಕಿನ ತೂತು ಚುಚ್ಚಿ ಕೆಡಿಸಿದ ಫೋನೂ ನನ್ನ ಮೇಜಿಗೆ ಬಂದಿದೆ.

7. ಕಟ್ಟಿಹಾಕಿಯೇ ಮಾಡಿದ ಫೋನೂ ಇರುತ್ತದೆ

2003ರಲ್ಲಿ ರಿಲಯನ್ಸ್ ಇನ್ಫೋಕಾಮ್ 501 ರೂಪಾಯಿ ಮುಂಗಡಕ್ಕೆ ಕೊಟ್ಟ ಸಿಡಿಎಂಎ ಫೋನುಗಳಲ್ಲಿ ಸಿಮ್ಮೇ ಇರಲಿಲ್ಲ, ನಂಬರು ಹ್ಯಾಂಡ್‌ಸೆಟ್ಟಿನೊಳಗೇ ಇತ್ತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನು ಜಿಯೋ ಸಿಮ್ಮಿಗೆಂದೇ ಮಾಡಿದ್ದು. ಅಷ್ಟು ಕಡಿಮೆ ದುಡ್ಡಿಗೆ ಹಳ್ಳಿಹಳ್ಳಿಗೆ ಫೋನು ಮುಟ್ಟಿದ್ದು ಈ ಲೆಕ್ಕದಿಂದಲೇ. ಇಂಥ ಫೋನು ಕೊಳ್ಳುವವರು "ಬೇರೆ ಸಿಮ್ ನಡೆಯುತ್ತದಾ?" ಎಂದು ಮೊದಲೇ ಕೇಳಬೇಕು. ಮಾರುವವರು ಮೊದಲೇ ಹೇಳಬೇಕು.

8. ನಂಬರಿನ ಬೀಗವೂ ಬಿಟ್ಟಿದೆ

ಗಡಿಯವರಾದ ನಮಗೆ ನಂಬರನ್ನು ಒಂದೇ ಕಂಪನಿಗೆ, ಒಂದೇ ಸರ್ಕಲ್ಲಿಗೆ ಕಟ್ಟಿಹಾಕಿದ್ದ ಬೀಗವೇ ದೊಡ್ಡದಾಗಿತ್ತು. ಫೋನ್ ಕಂಪನಿಗಳ ಲೆಕ್ಕದಲ್ಲಿ ಡೆಂಕಣಿಕೋಟೆ ತಮಿಳುನಾಡು ಸರ್ಕಲ್, ತಳಿ ದಾಟಿ ಆನೇಕಲ್ಲಿಗೆ ಹೋದರೆ ಕರ್ನಾಟಕ ಸರ್ಕಲ್. ಹೊಲ ಇಲ್ಲಿ, ನೆಂಟರು ಅಲ್ಲಿ. ಜೇಬಿನಲ್ಲಿ ಎರಡು ರಾಜ್ಯದ ಎರಡು ಸಿಮ್. 2011ರ ಜನವರಿಯಲ್ಲಿ ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ ಬಂದರೂ ಅದು ಒಂದೇ ಸರ್ಕಲ್ಲಿನೊಳಗೆ. 2015ರ ಜುಲೈ 3ರಿಂದ ಸರ್ಕಲ್ ದಾಟಿಯೂ ನಂಬರು ಒಯ್ಯಬಹುದಾಯಿತು. ಈಗ ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಂಬರು ಹಾಕಿ 1900ಕ್ಕೆ ಕಳಿಸಿದರೆ ಕೋಡು ಬರುತ್ತದೆ. ಆ ಕೋಡು ನಮ್ಮಲ್ಲಿ ನಾಲ್ಕು ದಿನ ನಡೆಯುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಬಿಲ್ಲಿನ ಬಾಕಿ ಇರಬಾರದು.

9. ಮನೆಯ ಅಂಗಳದಲ್ಲಿ ನೋಡಿ ಆಮೇಲೆ ಬದಲಿಸಿ

ಅಂಚೆಟ್ಟಿ ರಸ್ತೆಯ ಕಾಡಂಚಿನ ಹಳ್ಳಿಯ ಅಜ್ಜಿಯೊಬ್ಬರು ಮೊಮ್ಮಗ ಕೊಟ್ಟ ಫೋನಿನ ಬೀಗ ಬಿಡಿಸಿಕೊಂಡ ದಿನ "ಯಾವ ಸಿಮ್ ಹಾಕಲಪ್ಪಾ?" ಎಂದು ಕೇಳಿದರು. ಅಂಗಡಿಯಲ್ಲಿ ನಿಂತು ಹೇಳಿದರೆ ಡೆಂಕಣಿಕೋಟೆಯ ಟವರಿನ ಮಾತಾಗುತ್ತದೆ, ಅವರ ಅಂಗಳದ್ದಲ್ಲ. ಅಕ್ಕಪಕ್ಕದವರ ಸಿಮ್ಮುಗಳನ್ನು ಒಂದೊಂದಾಗಿ ಹಾಕಿ, ಒಲೆಯ ಹತ್ತಿರ, ಕೊಟ್ಟಿಗೆಯಲ್ಲಿ, ಹೊಲದ ಬದುವಿನಲ್ಲಿ ಕಡ್ಡಿ ಎಷ್ಟು ಬರುತ್ತದೆ ನೋಡಲು ಹೇಳಿಕಳಿಸಿದೆ. ವಾರದ ಮೇಲೆ ಬಂದರು. ಮನೆಯೊಳಗೆ ಚೆನ್ನಾಗಿದ್ದ ಸಿಮ್ಮನ್ನು ಬಿಟ್ಟು, ಬದುವಿನಲ್ಲಿ ಸಿಕ್ಕ ಸಿಮ್ಮನ್ನು ಆರಿಸಿಕೊಂಡಿದ್ದರು. ರಾಗಿ ತೆನೆ ಬಲಿಯುವ ಹೊತ್ತಿಗೆ ಅಲ್ಲಿಗೆ ಆನೆ ಬರುತ್ತದೆ, ಅವರ ಮಗ ರಾತ್ರಿಯೆಲ್ಲ ಆ ಬದುವಿನಲ್ಲೇ ಕಾವಲಿರುತ್ತಾನೆ.