ಸವಾರಿಗೆ ಒದಗುವ ಪುಟ್ಟ ಉಗಿಬಂಡಿ

ಕೊಡಗಿನಲ್ಲಿ ರೈಲುಮಾರ್ಗವಿಲ್ಲವೆಂಬುದು ಸರ್ವವಿದಿತ. ರೈಲನ್ನು ಕಾಣಬೇಕಾದರೆ ನಾವು ಮೈಸೂರಿಗೋ ಹಾಸನಕ್ಕೋ ಹೋಗಬೇಕು. ನಮ್ಮಲ್ಲಿ ಬಹುಮಂದಿ ಬಾಲ್ಯದಲ್ಲಿ ಕಂಡ ರೈಲೆಂದರೆ ಮಡಿಕೇರಿಯ ರಾಜಾಸೀಟಿನ ಬಳಿ ಮಕ್ಕಳಿಗಾಗಿ ಓಡಿಸುತ್ತಿದ್ದ ಪುಟಾಣಿ ರೈಲು. ಹೀಗಿರುವಾಗ ಕಲಾ ವಿಭಾಗದವನೊಬ್ಬನಿಗೆ ಉಗಿಬಂಡಿಯ ಗೊಡವೆಯೇಕೆಂದು ವಾಚಕರು ಕೇಳಬಹುದು. ದೊಡ್ಡ ವಸ್ತುವೊಂದನ್ನು ಕಿರಿದು ಮಾಡುವಾಗ ಅದರ ಎಲ್ಲ ಗುಣಗಳೂ ಒಂದೇ ಲೆಕ್ಕದಲ್ಲಿ ಕಿರಿದಾಗುವುದಿಲ್ಲ. ಈ ಸತ್ಯವನ್ನು ಸವಾರಿ ಮಾಡಬಲ್ಲ ಮಾದರಿ ಎಂಜಿನ್ನಿನಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ವಸ್ತು ವಿರಳ.

ಉದ್ಯಾನಗಳ ಪುಟಾಣಿ ರೈಲುಗಳಲ್ಲಿ ಹಲವಕ್ಕೆ ಹೊರಗೆ ಉಗಿಬಂಡಿಯ ವೇಷ, ಒಳಗೆ ಬೇರೆ ಯಂತ್ರ. ಇಲ್ಲಿ ಹೇಳಹೊರಟಿರುವುದು ಕಲ್ಲಿದ್ದಲು ತಿಂದು, ನೀರು ಕುಡಿದು, ನಿಜವಾದ ಉಗಿಯಿಂದಲೇ ಮನುಷ್ಯರನ್ನು ಎಳೆಯುವ ಎಂಜಿನ್ನಿನ ವಿಷಯ. ಇಂಗ್ಲೆಂಡಿನಲ್ಲಿ ಸರ್ ಆರ್ಥರ್ ಹೇವುಡ್ ಎಂಬಾತ 1874ರಲ್ಲಿಯೇ ತನ್ನ ಎಸ್ಟೇಟಿನಲ್ಲಿ 15 ಅಂಗುಲ ಅಗಲದ ಹಳಿ ಹಾಕಲಾರಂಭಿಸಿದನು. 1920ರ ದಶಕದಿಂದ 'ಎಲ್.ಬಿ.ಎಸ್.ಸಿ.' ಎಂಬ ಹೆಸರಿನಲ್ಲಿ ಬರೆದ ಲಾರೆನ್ಸ್ ಎಂಬ ಕುಶಲಿ, ಇನ್ನೂ ಎಷ್ಟೋ ಕಿರಿದಾದ ಎಂಜಿನ್ನು ಕೂಡ ಕಲ್ಲಿದ್ದಲಿನಿಂದ ನಡೆದು ಆಳನ್ನು ಎಳೆಯಬಲ್ಲುದೆಂದು ಮಾಡಿ ತೋರಿಸಿದನು.

ಮಾದರಿಗೆ ಯಾವ ಎಂಜಿನ್ನನ್ನು ಆರಿಸಬೇಕು? ಹಳೆಯ ಮೈಸೂರು ಸಂಸ್ಥಾನದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಇಂದು ಬಂಗಾರಪೇಟೆಯೆನಿಸಿರುವ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಮಾರ್ಗ ತೆರೆಯಿತು. ಆ ಮಾರ್ಗವೆಲ್ಲ ಈಗ ಬ್ರಾಡ್‌ಗೇಜಾಗಿದೆ. ಮಾದರಿಕಾರರು ಹೆಚ್ಚಾಗಿ ಬಳಸುವ ಹಳಿಗಳಲ್ಲೊಂದರ ಅಗಲ 7¼ ಅಂಗುಲ. ನಮ್ಮ ದೇಶದ ಬ್ರಾಡ್‌ಗೇಜ್ ಐದೂವರೆ ಅಡಿ. ಅದರ ಎಂಜಿನ್ನನ್ನು ಈ ಹಳಿಗೆ ಇಳಿಸಿದರೆ ಒಂಬತ್ತರಲ್ಲಿ ಒಂದು ಪಾಲಾಗುತ್ತದೆ. ಎರಡೂವರೆ ಅಡಿಯ ಎಂಜಿನ್ನನ್ನು ಇಳಿಸಿದರೆ ನಾಲ್ಕರಲ್ಲಿ ಒಂದು ಪಾಲಷ್ಟೆ. ಎಂದರೆ, ಮೂಲದಲ್ಲಿ ಸಣ್ಣದಾದ ಎಂಜಿನ್ನೇ ಅದೇ ಹಳಿಯ ಮೇಲೆ ಗಟ್ಟಿಮುಟ್ಟಾದ ಮಾದರಿಯಾಗುತ್ತದೆ. ಅದರ ತಿರುಪು, ಕವಾಟ, ಕೊಳವೆಗಳು ಬೆರಳಿಗೆ ಸಿಕ್ಕುವಷ್ಟು ದೊಡ್ಡವಾಗಿರುತ್ತವೆ.

ಉದಾಹರಣೆಗೆ, 20 ಅಡಿ ಉದ್ದದ, 16 ಟನ್ ತೂಕದ ಎಂಜಿನ್ನೊಂದನ್ನು ನಾಲ್ಕರಲ್ಲೊಂದಕ್ಕೆ ಇಳಿಸೋಣ. ಉದ್ದ 5 ಅಡಿಯಾಗುತ್ತದೆ. ಆದರೆ ಮೇಲ್ಮೈ ನಾಲ್ಕು ನಾಲ್ಕಲ, ಹದಿನಾರರಲ್ಲಿ ಒಂದಾಗುತ್ತದೆ. ತೂಕ ಅರವತ್ನಾಲ್ಕರಲ್ಲಿ ಒಂದಾಗಿ ಕೇವಲ 250 ಕಿಲೋಗ್ರಾಂಗೆ ಇಳಿಯುತ್ತದೆ. ಸವಾರನು ಮಾತ್ರ ಇಳಿಯುವುದಿಲ್ಲ! 70 ಕಿಲೋ ತೂಗುವ ಮನುಷ್ಯ ಈ ಮಾದರಿಯ ಲೆಕ್ಕದಲ್ಲಿ ನಾಲ್ಕೂವರೆ ಟನ್ನಿನ ಪ್ರಯಾಣಿಕ. ಆದುದರಿಂದ ಚಾಲಕನು ಎಂಜಿನ್ನಿನ ಒಳಗೆ ನಿಲ್ಲದೆ ಹಿಂದಿನ ತಗ್ಗಾದ ಬಂಡಿಯ ಮೇಲೆ ಕುಳಿತು ಕೈಚಾಚಿ ನಡೆಸಬೇಕು.

ಇಂಥ ಎಂಜಿನ್ನು ಎಷ್ಟು ಎಳೆದೀತು? ಉಕ್ಕಿನ ಗಾಲಿ ಒಣಗಿದ ಉಕ್ಕಿನ ಹಳಿಯನ್ನು ತನ್ನ ಭಾರದ ಸುಮಾರು ಕಾಲುಪಾಲಿನಷ್ಟೇ ಹಿಡಿಯಬಲ್ಲುದು. ಎಲ್ಲ ಗಾಲಿಗಳೂ ಚಾಲಕ ಗಾಲಿಗಳಾದರೆ ಎಳೆತದ ಮಿತಿ 62 ಕಿಲೋ. 5 ಸೆಂಟಿಮೀಟರ್ ವ್ಯಾಸದ ಎರಡು ಸಿಲಿಂಡರ್, 9 ಸೆಂಟಿಮೀಟರ್ ಪಿಸ್ಟನ್ ಓಟ, 18 ಸೆಂಟಿಮೀಟರ್ ಗಾಲಿ, ಚದರ ಸೆಂಟಿಮೀಟರಿಗೆ 6 ಕಿಲೋ ಉಗಿಯೊತ್ತಡ ಇವಿಷ್ಟಿದ್ದರೆ ವಾಡಿಕೆಯ ಸೂತ್ರದಂತೆ 64 ಕಿಲೋ ಎಳೆತ ದೊರೆಯುತ್ತದೆ. ಇದಕ್ಕಿಂತ ದೊಡ್ಡ ಸಿಲಿಂಡರ್ ಹಾಕಿದರೆ ಗಾಲಿ ಜಾರುವುದೇ ಹೊರತು ಬಂಡಿ ಹೆಚ್ಚು ಎಳೆಯದು. ನಮ್ಮ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಕಾಫಿ ತೋಟದ ಪಲ್ಪರ್ ಯಂತ್ರದ ಪಟ್ಟಿ ಜಾರುತ್ತಿದೆಯೆಂಬುದನ್ನು ಸದ್ದಿನಿಂದಲೇ ಹೇಳಬಲ್ಲರು. 'ಘರ್ಷಣೆ' ಎಂಬ ಪದವನ್ನು ನಾನು ಪುಸ್ತಕದಲ್ಲಿ ಕಲಿತೆ. ಅದರ ಅರ್ಥ ನಮ್ಮ ಮನೆಯಲ್ಲಿ ಮೊದಲೇ ಇತ್ತು.

ಹತ್ತು ಜನರೂ ಅವರ ಬಂಡಿಗಳೂ ಸೇರಿ ಒಂದು ಟನ್. ಎಂಜಿನ್ನೂ ಕೂಡಿ 1250 ಕಿಲೋ. ಸಮತಟ್ಟಿನಲ್ಲಿ ಉರುಳುವ ತಡೆ ಐವತ್ತರಲ್ಲೊಂದು ಪಾಲೆಂದು ಹಿಡಿದರೆ 25 ಕಿಲೋ ಎಳೆತ ಸಾಕು. ಐವತ್ತು ಅಡಿಗೆ ಒಂದಡಿ ಏರಿದ್ದರೆ ಇನ್ನೂ 25 ಕೂಡಿ 50 ಆಗುತ್ತದೆ, ಬಂಡಿ ಹತ್ತುತ್ತದೆ. ಇಪ್ಪತ್ತೈದಕ್ಕೆ ಒಂದು ಏರಾದರೆ 75 ಕಿಲೋ ಬೇಕು. ಬಂಡಿ ನಿಂತಲ್ಲೇ ಗಾಲಿ ತಿರುಗಿಸುತ್ತದೆ. ಕಾಲುದಾರಿಯಲ್ಲಿ ನಾವು ಲೆಕ್ಕಿಸದ ಏರು ರೈಲಿಗೆ ಎಷ್ಟು ದೊಡ್ಡ ಬೆಟ್ಟವೆಂಬುದು ಇದರಿಂದ ತಿಳಿಯುತ್ತದೆ.

ಉಗಿಯೂ ಬೆಂಕಿಯೂ ಅಳತೆಗೆ ಬಗ್ಗುವುದಿಲ್ಲ. ಬಾಯ್ಲರಿನ ನೀರು ಅರವತ್ನಾಲ್ಕನೆಯ ಪಾಲಿಗೆ ಇಳಿದರೂ ಶಾಖ ಸೋರುವ ಮೇಲ್ಮೈ ಹದಿನಾರನೆಯ ಪಾಲಿಗೆ ನಿಲ್ಲುತ್ತದೆ. ಒಂದೊಂದು ಲೀಟರು ನೀರಿಗೆ ನಾಲ್ಕು ಪಟ್ಟು ಮೇಲ್ಮೈ. ಆದುದರಿಂದ ಬಾಯ್ಲರಿಗೆ ಶಾಖ ತಡೆಯುವ ಹೊದಿಕೆ ಅವಶ್ಯ. ಹೊಗೆಕೊಳವೆಗಳನ್ನು ಮೂಲದಷ್ಟೇ ಸಂಖ್ಯೆಯಲ್ಲಿ ಸಣ್ಣಗೆ ಮಾಡಿದರೆ ಮಸಿ ಕಟ್ಟಿ ಬೆಂಕಿ ಉಸಿರುಗಟ್ಟುತ್ತದೆ. ಕೊಳವೆ ಕೆಲವೇ ಇರಲಿ, ಅಗಲವಾಗಿರಲಿ.

ಕೆಲಸದ ಕ್ರಮ ಹೀಗೆ: ಮೊದಲು ನಕ್ಷೆ, ಬಳಿಕ ಉಕ್ಕಿನ ಹಲಗೆಗಳ ಚೌಕಟ್ಟು, ಎರಕದ ಗಾಲಿಗಳನ್ನು ಲೇತ್ ಯಂತ್ರದಲ್ಲಿ ಕಡೆದು ಅಚ್ಚಿಗೆ ಬಿಗಿಯುವುದು, ಅನಂತರ ಸಿಲಿಂಡರ್, ಕವಾಟಗಳು. ಇಷ್ಟಾದ ಮೇಲೆ ಒತ್ತಿದ ಗಾಳಿಯಿಂದ ಚಕ್ರ ತಿರುಗಿಸಿ ನೋಡಬೇಕು. ಬಾಯ್ಲರನ್ನು ತಾಮ್ರದ ತಗಡಿನಿಂದ ಬೆಳ್ಳಿ ಬೆಸುಗೆ ಹಾಕಿ ಮಾಡುವುದು ರೂಢಿ. ಅದರೊಳಗೆ ತಣ್ಣೀರು ತುಂಬಿ, ಕೆಲಸದ ಒತ್ತಡದ ಎರಡರಷ್ಟು ಒತ್ತಡ ಕೊಟ್ಟು ಪರೀಕ್ಷಿಸಬೇಕು. ನೀರು ಹಿಗ್ಗುವಂಥದಲ್ಲವಾದುದರಿಂದ ಬೆಸುಗೆ ಬಿಟ್ಟರೂ ಸೋರುವುದಷ್ಟೆ. ಉಗಿಯಲ್ಲಿ ಬಿಟ್ಟರೆ ಪ್ರಾಣಾಪಾಯ. ನೀರಿನ ಮಟ್ಟ ತೋರುವ ಗಾಜು, ಸುರಕ್ಷಾ ಕವಾಟ, ನೀರುಣಿಸಲು ಎರಡು ಬೇರೆಬೇರೆ ಸಾಧನ ಇವುಗಳಲ್ಲಿ ಯಾವೊಂದನ್ನೂ ಬಿಡಕೂಡದು. ಈ ಭಾಗವನ್ನು ಬಲ್ಲವರ ಕಣ್ಣೆದುರಿನಲ್ಲಿಯೇ ಮಾಡತಕ್ಕದ್ದು.

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ನಾವು ಬೇಸಾಯಕ್ಕೆ ಮಾತ್ರ ಅನ್ವಯಿಸುತ್ತೇವೆ. ವಿದ್ಯೆಗೂ ಅದು ಸಲ್ಲುತ್ತದೆ. ನಕ್ಷೆ ಬರೆಯಬಲ್ಲವರು, ಲೆಕ್ಕ ಹಾಕಬಲ್ಲವರು ನಮ್ಮ ಕಾಲೇಜಿನಲ್ಲಿದ್ದಾರೆ. ಕಬ್ಬಿಣ ಬಲ್ಲ ಕಮ್ಮಾರರು, ಯಂತ್ರ ಬಲ್ಲ ತೋಟದ ಮೇಸ್ತ್ರಿಗಳು ಊರಿನಲ್ಲಿದ್ದಾರೆ. ಇವರಿಬ್ಬರೂ ಒಂದು ಮೇಜಿನ ಮುಂದೆ ಕುಳಿತರೆ ಒಂದು ಚೌಕಟ್ಟು, ನಾಲ್ಕು ಗಾಲಿಗಳಷ್ಟಾದರೂ ಒಂದು ವರ್ಷದಲ್ಲಿ ಸಿದ್ಧವಾದಾವು. ಉಗಿಯೇರುವುದು ಮುಂದಿನ ತರಗತಿಯವರ ಪಾಲಿಗಿರಲಿ.